ತೂಕದ ಖಾನೆಗೆ ಮಿತಿ ಬಂದದ್ದು

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಇಂದುಮತಿ ಗುಮಾಸ್ತೆ. ಅವಳು ರೋಗಿಯ ತೂಕ ಒತ್ತಿದರೆ ಕಂಪ್ಯೂಟರು ಔಷಧದ ಪ್ರಮಾಣ ಲೆಕ್ಕಹಾಕಿ ಚೀಟಿ ಕೊಡುತ್ತಿತ್ತು. ಒಂದು ದಿನ ಗಡಿಬಿಡಿಯಲ್ಲಿ ಹನ್ನೆರಡು ಕಿಲೋ ಮಗುವಿಗೆ ನೂರಿಪ್ಪತ್ತು ಎಂದು ಒತ್ತಿಬಿಟ್ಟಳು. ನರ್ಸಮ್ಮ ನೋಡಿದ್ದರಿಂದ ಮಗು ಉಳಿಯಿತು. ಇಂದುಮತಿಗೆ ಆ ದಿನ ಊಟ ಸೇರಲಿಲ್ಲ.

"ಸಾರ್, ತೂಕದ ಖಾನೆಗೆ ವಯಸ್ಸಿಗೆ ತಕ್ಕ ಮಿತಿ ಹಾಕಿಸಿ. ತಪ್ಪು ಅಂಕಿ ಒತ್ತಿದರೆ ಅದು ತಗೋಬಾರದು," ಎಂದು ದೊಡ್ಡ ಡಾಕ್ಟರು ವೃಷಭೇಂದ್ರಯ್ಯನವರನ್ನು ಕೇಳಿಕೊಂಡಳು.

"ಕಣ್ಣುಬಿಟ್ಟು ಒತ್ತೋದು ಕಲಿಯಮ್ಮ. ನನ್ನ ಕೈಯಲ್ಲಿ ಯಾವತ್ತಾದರೂ ತಪ್ಪಾಗಿದೆಯಾ?"

"ಹಾಗಾದರೆ ಸೋಮವಾರ ತಾವೇ ಕೂತು ತೋರಿಸಿಕೊಡಿ ಸಾರ್."

ಸೋಮವಾರ ಡಾಕ್ಟರು ಸಣ್ಣ ಜ್ವರವಿದ್ದರೂ ಗತ್ತಿನಿಂದ ಕುಳಿತರು. ಎದುರಿಗೆ ಉದ್ದನೆಯ ಸಾಲು, ಬಿಡದೆ ಬಡಿದುಕೊಳ್ಳುವ ಫೋನು, ಅಳುವ ಕೂಸುಗಳು.

"ತಮಗೂ ಜ್ವರವಲ್ಲವೇ? ಮೊದಲು ತಮ್ಮದೇ ಚೀಟಿ ಆಗಲಿ," ಎಂದಳು ಇಂದುಮತಿ.

ಡಾಕ್ಟರು ಫೋನಿನಲ್ಲಿ ಮಾತಾಡುತ್ತಲೇ ಟಪಟಪ ಒತ್ತಿದರು. ಇಂದುಮತಿ ಚೀಟಿ ಓದಿ, ಪಕ್ಕದ ಔಷಧದ ಕೌಂಟರಿನಿಂದ ಇಪ್ಪತ್ತು ಮಾತ್ರೆ ಎಣಿಸಿ ತಂದು, ನೀರಿನ ಲೋಟದ ಜೊತೆ ಮುಂದಿಟ್ಟಳು.

"ಇದೇನಮ್ಮ, ಇಷ್ಟೊಂದು?"

"ತಮ್ಮ ತೂಕ ಏಳುನೂರ ಎಂಬತ್ತು ಕಿಲೋ ಅಂತ ತಾವೇ ಬರೆದಿದ್ದೀರಿ ಸಾರ್."

ಸಾಲಿಗೆ ಸಾಲೇ ನಕ್ಕಿತು. ಡಾಕ್ಟರು ಚೀಟಿ ನೋಡಿದರು, ಮಾತ್ರೆ ನೋಡಿದರು. ಕೊನೆಗೆ ತಾವೂ ನಕ್ಕುಬಿಟ್ಟರು.

ಅದೇ ವಾರ ಖಾನೆಗೆ ಮಿತಿ ಬಂತು. ಈಗ ತಪ್ಪು ತೂಕ ಒತ್ತಿದರೆ ಕಂಪ್ಯೂಟರು ಕೀಂ ಎನ್ನುತ್ತದೆ. ಹಾಗೆ ಅತಿ ಹೆಚ್ಚು ಸಲ ಕೀಂ ಅನ್ನಿಸಿಕೊಳ್ಳುವವರು, ಈಗಲೂ ಆಗಾಗ ಕೌಂಟರಿನಲ್ಲಿ ಬಂದು ಕೂರುವ ದೊಡ್ಡ ಡಾಕ್ಟರೇ.