ಮೆಣಸಿ ಸುತ್ತಿದ ಏಳು ಮನೆ

ಪುಟಾಣಿಗಳೇ, ಬೆಕ್ಕು ಮರಿ ಹಾಕಿದರೆ ಅದನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಅಂತ ನಿಮ್ಮ ಮನೆಯ ಹಿರಿಯರು ಹೇಳಿರಬೇಕು. ಹೇಳಿಲ್ಲವಾದರೆ ಈಗ ನಾನು ಹೇಳಿದೆನಲ್ಲ, ಸಾಕು. ಈ ಕತೆಯ ಬೆಕ್ಕೂ ಏಳು ಮನೆ ಸುತ್ತಿತು. ತಮಾಷೆ ಏನು ಗೊತ್ತೇ? ಅದು ಮರಿಯನ್ನೇ ಹಾಕಿರಲಿಲ್ಲ!

ಒಂದೂರಿನಲ್ಲಿ ಒಂದು ಕಲ್ಯಾಣಿ. ಮೆಟ್ಟಿಲ ತುಂಬ ಪಾಚಿ, ನೀರಿನ ತುಂಬ ತಾವರೆ ಎಲೆ. ಅದರ ದಂಡೆಯಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿ ನಡೆಸುತ್ತಿದ್ದವರು ಪುಟ್ಟನಂಜಮ್ಮ. ಇಲಿ ಕಾಟ ತಪ್ಪಲಿ ಅಂತ ಅವರು ಒಂದು ಹೆಣ್ಣು ಬೆಕ್ಕನ್ನು ಸಾಕಿದ್ದರು. ಕಾಳುಮೆಣಸಿನ ಹಾಗೆ ಕಪ್ಪಗಿದ್ದುದರಿಂದ ಅವಳಿಗೆ ಮೆಣಸಿ ಅಂತ ಹೆಸರು. ಆದರೆ ಬೆಳಿಗ್ಗೆ ಕಪ್ಪಗಿದ್ದ ಮೆಣಸಿ ಅಕ್ಕಿ ಬೀಸಿ ಮುಗಿಯುವಷ್ಟರಲ್ಲಿ ಮೂತಿಯಿಂದ ಬಾಲದವರೆಗೆ ಬೆಳ್ಳಗಾಗಿರುತ್ತಿದ್ದಳು. ಹೊಸದಾಗಿ ಬಂದ ಇಲಿಗಳಂತೂ ಈ ಗಿರಣಿಯಲ್ಲಿ ಎರಡು ಬೆಕ್ಕುಗಳಿವೆ ಅಂತಲೇ ನಂಬಿ ಓಡಿಹೋಗುತ್ತಿದ್ದವು.

ಮೆಣಸಿಗೆ ಆಗಷ್ಟೇ ಹರೆಯ ಬಂದಿತ್ತು. ಗಿರಣಿಯ ಹೆಂಚಿನ ಮೇಲೆ ಎಲ್ಲಿಂದಲೋ ಬಂದ ಗಂಡುಬೆಕ್ಕೊಂದು ಕೂತು ರಾಗ ಎಳೆಯಲು ಶುರುಮಾಡಿತ್ತು. ಅದನ್ನು ಕೇಳಿ ಪುಟ್ಟನಂಜಮ್ಮ ದನದ ಆಸ್ಪತ್ರೆಗೆ ಹೋಗಿ, ಮೆಣಸಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ಬಗ್ಗೆ ವಿಚಾರಿಸಿಕೊಂಡು ಬಂದರು.

ಅವತ್ತು ರಾಗಿ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು ಅದನ್ನು ಕೇಳಿ ಕೆನ್ನೆಗೆ ಕೈ ಇಟ್ಟಳು. "ಇದೇನ್ ನಂಜಮ್ಮೋರೇ, ಒಂದ್ಸಲನಾದ್ರೂ ಮರಿ ಹಾಕ್ಲಿ ಬಿಡಿ. ಹೆಣ್ಣು ಜೀವ, ಅದಕ್ಕೂ ಆಸೆ ಇರಲ್ವಾ? ಆಮೇಲೆ ಬೇಕಾದ್ರೆ ಆಪರೇಷನ್ ಮಾಡ್ಸಿ."

"ಡಾಕ್ಟ್ರು ಹಂಗೇನೂ ಇಲ್ಲ ಅಂದ್ರು ಕಣಮ್ಮ," ಅಂದರು ಪುಟ್ಟನಂಜಮ್ಮ. "ಮರಿ ಹಾಕೋಕ್ ಮುಂಚೆನೇ ಮಾಡಿಸಿದ್ರೆ ಬೆಕ್ಕಿಗೂ ಒಳ್ಳೇದಂತೆ. ಅಲ್ದೆ ಈ ಬೆಲ್ಟು ತಿರುಗೋ ಜಾಗದಲ್ಲಿ ನಾಲ್ಕೈದು ಮರಿ ಓಡಾಡಿದ್ರೆ ನನ್ ಕೈಲಿ ಕಾಯಕ್ಕಾಗುತ್ತಾ? ಸೋಮವಾರ ಬುಟ್ಟಿಗೆ ಹಾಕ್ಕೊಂಡು ಬನ್ನಿ ಅಂದವ್ರೆ. ಆದ್ರೂ ನೀನು ಹಿಂಗಂದ್ರೆ ಕರುಳು ಚುರುಕ್ ಅನ್ನುತ್ತೆ. ನೋಡೋಣ."

ಮೂಟೆಗಳ ಮೇಲೆ ಮಲಗಿದ್ದ ಮೆಣಸಿಯ ಕಿವಿ ನೆಟ್ಟಗಾಯಿತು. ಅಲ್ಲಿಯವರೆಗೂ ಅವಳು ಮರಿಗಳ ಬಗ್ಗೆ ಯೋಚಿಸಿದವಳೇ ಅಲ್ಲ. ಈಗ ಬೇರೆ ಏನನ್ನೂ ಯೋಚಿಸಲು ಆಗದೆ ಹೋಯಿತು. ಮೂಗಿನ ಮುಂದೆಯೇ ಒಂದು ಇಲಿ ಹಾದುಹೋದರೂ ಅವಳಿಗೆ ತಿಳಿಯಲಿಲ್ಲ.

ಸೀದಾ ಹಿತ್ತಿಲಿಗೆ ಬಂದು ಅಕ್ಕಪಕ್ಕದವರಿಗೆಲ್ಲ ವಿಷಯ ಹೇಳಿದಳು. ಎಲ್ಲರಿಗಿಂತ ಮೊದಲು ಬಾಯಿ ಹಾಕಿದವಳು ಮೇಕೆ ಹಂಡಕ್ಕ. ಕಪ್ಪು ಬಿಳಿ ಮಚ್ಚೆಯ ಮೈ, ಊರಗಲದ ಬಾಯಿ.

"ಎಲ್ಲಾದ್ರೂ ಉಂಟಾ! ಹೆಣ್ಣಾಗಿ ಹುಟ್ಟಿದ ಮೇಲೆ ಒಂದ್ಸಲನಾದ್ರೂ ಮರಿ ಹಾಕಲೇಬೇಕು ಕಣೇ. ಒಂದು ಮರಿ ನನಗಿರಲಿ. ನನ್ನ ಕೊಟ್ಟಿಗೇಲಿ ಬೆಚ್ಚಗೆ ಮಲಗುತ್ತೆ."

"ನನಗೂ ಒಂದು," ಅಂದಳು ಕೋಳಿ ಕೆಂಚಕ್ಕ. "ನನ್ನ ರೆಕ್ಕೆ ಅಡಿ ಎಷ್ಟು ಮರಿಗೆ ಬೇಕಾದ್ರೂ ಜಾಗ ಇದೆ. ತಗೋ, ಈ ಪುಕ್ಕಗಳನ್ನ ಈಗಲೇ ಇಟ್ಕೋ, ಹಾಸಿಗೆಗೆ ಆಗುತ್ತೆ."

ಟೈಲರ್ ಅಂಗಡಿಯ ನಾಯಿ ದೊಡ್ಡಣ್ಣ ಎದೆ ತಟ್ಟಿಕೊಂಡ. "ಮರಿಗಳಿಗೆ ಕಾವಲು ಯಾರು? ನಾನು! ಒಂದನ್ನ ನನ್ನ ಹತ್ರನೇ ಬಿಡು."

ಎಮ್ಮೆ, ಬಾತುಕೋಳಿ, ಮೊಲ, ಅಗಸರ ಕತ್ತೆ, ಎಲ್ಲರೂ ತಲೆಗೊಂದು ಮರಿ ಕೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಯ ಜೊತೆಗೆ ಹಾಸಿಗೆ, ಕಾವಲುಗಾರ ಎಲ್ಲ ಸಿದ್ಧವಾಯಿತು. ಮೆಣಸಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಹಿಗ್ಗು. ಏಳು ಮನೆ, ಏಳೂ ಮನೆಯಲ್ಲಿ ಜಾಗ! ಸೋಮವಾರ ಬುಟ್ಟಿ ಕಂಡ ಕೂಡಲೇ ಅಟ್ಟ ಹತ್ತಿ ಅವಿತುಕೊಳ್ಳುವುದು, ಪುಟ್ಟನಂಜಮ್ಮ ಬೇಸತ್ತು ಸುಮ್ಮನಾದ ಮೇಲೆ ಹೆಂಚಿನ ಮೇಲಿನ ಹಾಡುಗಾರನನ್ನು ಮಾತಾಡಿಸುವುದು ಎಂದು ತೀರ್ಮಾನಿಸಿಕೊಂಡಳು.

ಕಲ್ಯಾಣಿಯ ಕಪ್ಪೆ ವಟಕಜ್ಜಿ ಮಾತ್ರ ಏನನ್ನೂ ಕೇಳಲಿಲ್ಲ. "ನನ್ನನ್ನ ಲೆಕ್ಕಕ್ಕೆ ಹಿಡೀಬೇಡ ತಾಯಿ. ನಾನು ಮೊಟ್ಟೆ ಇಟ್ಟು ಬಂದವಳೇ ಹೊರತು ಸಾಕಿದವಳಲ್ಲ. ನನ್ನ ಮರಿಗಳು ಎದುರಿಗೆ ಬಂದ್ರೂ ನನಗೆ ಗುರುತು ಸಿಗಲ್ಲ," ಎಂದು ಹೇಳಿ ನೀರಿಗೆ ಹಾರಿದಳು.

ಭಾನುವಾರ ಬೆಳಿಗ್ಗೆ ಅದೇ ವಟಕಜ್ಜಿ ಮೆಟ್ಟಿಲ ಮೇಲೆ ಕೂತು ಗಂಟಲು ಹರಿಯುವಂತೆ ಕೂಗತೊಡಗಿದಳು. "ಮೆಣಸಿ! ಏ ಮೆಣಸಿ! ಯಾರೋ ಚೀಲ ಇಟ್ಟು ಹೋಗಿದ್ದಾರೆ. ಅದು ಅಲ್ಲಾಡ್ತಾ ಇದೆ ಕಣೇ!"

ಮೆಣಸಿ ಓಡಿಬಂದು ಗೋಣಿಚೀಲದ ಬಾಯನ್ನು ಉಗುರಿನಿಂದ ಕೆರೆದು ಬಿಡಿಸಿದಳು. ಒಳಗಿಂದ ಜೀರಿಗೆ ಬಣ್ಣದ ಒಂದು ಬೆಕ್ಕಿನ ಮರಿ ತೂರಾಡಿಕೊಂಡು ಹೊರಬಂತು. ಕಣ್ಣು ಬಿಟ್ಟಿತ್ತು, ಹಾಲು ನೆಕ್ಕುವಷ್ಟು ದೊಡ್ಡದಾಗಿತ್ತು. ಹೆಣ್ಣು ಮರಿ. ಹಸಿದು ಹೊಟ್ಟೆ ಬೆನ್ನಿಗೆ ಅಂಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು. ನಮ್ಮ ಮೆಣಸಿಗೆ ಸಂತೋಷವೇ ಆಯಿತು. "ನಿನ್ನ ಅದೃಷ್ಟ ದೊಡ್ಡದು ಪುಟ್ಟಿ! ಮರಿ ಬೇಕು ಅಂತ ನಮ್ಮ ಬೀದೀಲಿ ಏಳು ಮನೆಯವರು ಕಾಯ್ತಾ ಇದ್ದಾರೆ. ಯಾವ ಮನೆ ಬೇಕೋ ನೀನೇ ಆರಿಸ್ಕೋ!" ಎಂದು ಮರಿಯ ಕತ್ತಿನ ಚರ್ಮವನ್ನು ಮೆಲ್ಲಗೆ ಕಚ್ಚಿ ಎತ್ತಿಕೊಂಡು ಹೊರಟೇಬಿಟ್ಟಳು.

ಮೊದಲು ಕೆಂಚಕ್ಕನ ಗೂಡು.

"ಕೆಂಚಕ್ಕ, ತಗೊಳ್ಳಿ ನಿಮ್ಮ ಮರಿ!"

ಕೆಂಚಕ್ಕ ಒಂದು ಕಣ್ಣಿಂದ ನೋಡಿದಳು, ಕತ್ತು ತಿರುಗಿಸಿ ಇನ್ನೊಂದು ಕಣ್ಣಿಂದಲೂ ನೋಡಿದಳು. "ಇದಕ್ಕೆ ಉಗುರಿದೆಯಲ್ಲೇ!"

"ಬೆಕ್ಕಿನ ಮರಿ ಅಂದ್ಮೇಲೆ ಉಗುರು ಇರಲ್ವಾ ಅಕ್ಕ?"

"ಇರುತ್ತೆ ಅಂತ ನೀನು ಮೊದಲೇ ಹೇಳ್ಬೇಕಿತ್ತು," ಎಂದು ಕೆಂಚಕ್ಕ ರೆಕ್ಕೆಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಎಷ್ಟು ಮರಿಗೆ ಬೇಕಾದರೂ ಇದ್ದ ಜಾಗ ಎಲ್ಲಿ ಹೋಯಿತೋ!

ಆಮೇಲೆ ಟೈಲರ್ ಅಂಗಡಿ. ದೊಡ್ಡಣ್ಣ ಮೊದಲು ಬೀದಿಯ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ. "ನಾಯಿಯಾಗಿ ಬೆಕ್ಕಿನ ಮರಿ ಸಾಕಿದೆ ಅಂದ್ರೆ ಮೇಲಿನ ಬೀದಿಯವರು ನಗಲ್ವೇನಮ್ಮ? ಅವತ್ತು ಹೇಳಿದ್ದು ನಿಜ. ಮಾತಿಗೆ ಹೇಳಿದ್ದು. ಮಾತಿಗೆ ಹೇಳಿದ್ದನ್ನ ನೀನು ಹೊತ್ಕೊಂಡೇ ಬಂದುಬಿಡೋದಾ?"

ಎಮ್ಮೆ ಕೇಳಿಸದವಳ ಹಾಗೆ ಮೆಲುಕು ಹಾಕುತ್ತಲೇ ಇದ್ದಳು. ಬಾತುಕೋಳಿ, "ಈಜು ಬರುತ್ತಾ?" ಎಂದು ಕೇಳಿ, ಬರುವುದಿಲ್ಲ ಎಂದ ಕೂಡಲೇ ನಿರಾಳವಾಗಿ ನೀರಿಗಿಳಿದಳು. ಮೊಲ ಬಿಲದೊಳಗಿಂದಲೇ, "ಯಜಮಾನ್ರು ಮನೇಲಿಲ್ಲ, ಕೇಳಿ ಹೇಳ್ತೀನಿ," ಅಂದಳು. ಯಜಮಾನರ ಕಿವಿ ಅವಳ ಹಿಂದೆಯೇ ಕಾಣುತ್ತಿತ್ತು. ಕತ್ತೆ, "ನಾಳೆ ಬಾ," ಅಂದ. ದೆವ್ವ ಬರದಿರಲಿ ಅಂತ ಹಳೇ ಮನೆಗಳ ಬಾಗಿಲ ಮೇಲೆ ಬರೆದಿರುತ್ತಿದ್ದರಲ್ಲ, ಹಾಗೆ.

ಮೆಣಸಿಯ ದವಡೆ ನೋಯತೊಡಗಿತು. ಬಿಸಿಲು ಏರುತ್ತಿತ್ತು. ಬಾಯಲ್ಲಿದ್ದ ಮರಿ ಹಸಿವಿಗೆ ಅಳುವುದನ್ನೂ ನಿಲ್ಲಿಸಿ ಜೋತುಬಿದ್ದಿತ್ತು. ಪರವಾಗಿಲ್ಲ, ಎಲ್ಲರಿಗಿಂತ ಮೊದಲು ಮರಿ ಕೇಳಿದ ಹಂಡಕ್ಕ ಇದ್ದಾಳಲ್ಲ ಎಂದುಕೊಂಡು ಅವಳು ಕೊಟ್ಟಿಗೆಗೆ ಬಂದಳು.

"ಅಯ್ಯೋ ನನ್ನ ಬಂಗಾರ! ಎಷ್ಟು ಮುದ್ದಾಗಿದೆ!" ಅಂದಳು ಹಂಡಕ್ಕ. ಮೆಣಸಿಗೆ ಹೋದ ಜೀವ ಬಂದ ಹಾಗಾಯಿತು. "ಗಂಡೋ ಹೆಣ್ಣೋ?"

"ಹೆಣ್ಣು, ಹಂಡಕ್ಕ."

"ಹೆಣ್ಣಾ!" ಹಂಡಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡಮ್ಮ, ಬೇಡ. ಇವತ್ತೇನೋ ಚೆನ್ನಾಗಿರುತ್ತೆ. ನಾಳೆ ದೊಡ್ಡದಾದ್ಮೇಲೆ ಅದೂ ಮರಿ ಹಾಕುತ್ತಲ್ಲ, ಆ ಮರಿಗಳನ್ನೆಲ್ಲ ಯಾರು ನೋಡ್ಕೋತಾರೆ?"

ಮೆಣಸಿ ಮರಿಯನ್ನು ನೆಲದ ಮೇಲೆ ಇಳಿಸಿದಳು.

"ಹಂಡಕ್ಕ, ಹೆಣ್ಣಾಗಿ ಹುಟ್ಟಿದ ಮೇಲೆ ಒಂದ್ಸಲನಾದ್ರೂ ಮರಿ ಹಾಕಲೇಬೇಕು ಅಂದಿದ್ದು ನೀವೇ ಅಲ್ವಾ?"

"ಅಂದಿದ್ದೆ ಕಣೇ. ಯಾರು ಇಲ್ಲ ಅಂದ್ರು?" ಹಂಡಕ್ಕನಿಗೆ ಕೊಂಚವೂ ನಾಚಿಕೆಯಾಗಲಿಲ್ಲ. "ನಿನ್ನ ಮನೇಲಿ ಹಾಕು ಅಂದೆ. ನನ್ನ ಮನೇಲಲ್ಲ."

ಮೆಣಸಿ ಮರಿಯನ್ನು ಎತ್ತಿಕೊಂಡು ಕಲ್ಯಾಣಿಯ ಮೆಟ್ಟಿಲಿಗೆ ವಾಪಸು ಬಂದು ಕೂತಳು. ಏಳು ಮನೆ ಮುಗಿದಿತ್ತು.

"ಇನ್ನೊಂದು ಮನೆ ಇಲ್ವಾ?" ಎಂದು ಮರಿ ಸಣ್ಣ ದನಿಯಲ್ಲಿ ಕೇಳಿತು. ಮೆಣಸಿ ಅದನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಂಡಳು. ಮರಿ ತಾನೇ ಮಾತಾಡಿತು. "ನಮ್ಮಮ್ಮಂಗೂ ಹಿಂಗೇ ಆಯ್ತಂತೆ. ಒಂದ್ಸಲ ಮರಿ ಹಾಕ್ಲಿ, ನಾವೆಲ್ಲ ಒಂದೊಂದು ತಗೋತೀವಿ ಅಂದಿದ್ರಂತೆ. ನಾವು ನಾಲ್ಕು ಜನ ಹುಟ್ಟಿದ್ವಿ. ಯಾರೂ ಬರಲಿಲ್ಲ. ಆಮೇಲೆ ಮನೆಯವರು ಒಬ್ಬೊಬ್ಬರನ್ನೇ ಎಲ್ಲಿಗೋ ತಗೊಂಡು ಹೋದ್ರು. ನಾನೇ ಕೊನೆಯವಳು. ಅಮ್ಮ ಈಗಲೂ ಕೂಗ್ತಾ ಹುಡುಕ್ತಾ ಇರ್ತಾಳೆ."

ಮೆಣಸಿಗೆ ದುಃಖ ಉಕ್ಕಿ ಬಂತು. ತಾನು ಕನಸಿನಲ್ಲಿ ಕಂಡಿದ್ದ ಮರಿಗಳೆಲ್ಲ ಒಂದೊಂದಾಗಿ ಚೀಲದಿಂದ ತೂರಾಡಿಕೊಂಡು ಹೊರಬಂದ ಹಾಗೆ ಕಂಡಿತು. ಮನೆ ಮನೆಯ ಬಾಗಿಲಲ್ಲಿ ಕೂಗುತ್ತಾ ಹುಡುಕುವವಳು ತಾನೇ ಅನಿಸಿತು.

ವಟಕಜ್ಜಿ ನೀರಿನಿಂದ ತಲೆ ಎತ್ತಿದಳು. "ಮೊಟ್ಟೆ ಇಟ್ಟು ಹಿಂತಿರುಗಿ ನೋಡದೆ ಹೋಗೋದು ನನ್ನ ಜಾತಿಗೆ ಬರುತ್ತೆ ಮೆಣಸಿ. ನಿನ್ನ ಕೈಲಿ ಆಗುತ್ತಾ?"

"ಆಗಲ್ಲ ಅಜ್ಜಿ," ಅಂದಳು ಮೆಣಸಿ. ಹೇಳಿ ಮುಗಿಸುವಷ್ಟರಲ್ಲಿ ಅವಳ ಮನಸ್ಸು ಒಂದು ಕಡೆ ನಿಂತಿತ್ತು. ಮರಿಯ ಕಿವಿ ನೆಕ್ಕಿ ಹೇಳಿದಳು: "ಇನ್ನೊಂದು ಮನೆ ಇದೆ, ನಡಿ."

ಗಿರಣಿಯ ಬಾಗಿಲಲ್ಲಿ ಬೆಕ್ಕು ಬಾಯಲ್ಲಿ ಮರಿ ಹಿಡಿದು ನಿಂತಿದ್ದನ್ನು ಕಂಡು ಪುಟ್ಟನಂಜಮ್ಮ ಹೌಹಾರಿದರು. "ಅಯ್ಯೋ ನಿನ್ನ! ಸೋಮವಾರದವರೆಗೂ ತಡೀಲಿಲ್ವೇನೇ?" ಆಮೇಲೆ ಹತ್ತಿರ ಬಂದು ನೋಡಿದರು. ಕಣ್ಣು ಬಿಟ್ಟ ಮರಿ, ಗೋಣಿಯ ನಾರು ಮೈಗೆಲ್ಲ ಅಂಟಿದೆ. ಅವರಿಗೆ ಅರ್ಥವಾಯಿತು. "ಯಾರ ಮನೆ ಪಾಪವೋ," ಎಂದು ಗೊಣಗಿ, ಬೆಲ್ಟಿನಿಂದ ದೂರದ ಮೂಲೆಯಲ್ಲಿ ಹಳೇ ಮೊರಕ್ಕೆ ಬಟ್ಟೆ ಹಾಸಿ, ಬಟ್ಟಲಲ್ಲಿ ಹಾಲಿಟ್ಟರು. "ನಾಲ್ಕೈದಾದ್ರೆ ನನ್ ಕೈಲಾಗಲ್ಲ. ಒಂದನ್ನ ಕಾಯಬಹುದು. ಇರ್ಲಿ."

ಮರಿಗೆ ಜೀರಿಗೆ ಅಂತಲೇ ಹೆಸರಾಯಿತು.

ಮರುದಿನ ಪುಟ್ಟನಂಜಮ್ಮ ಬುಟ್ಟಿ ತಂದಿಟ್ಟು, ಬೆಕ್ಕನ್ನು ಹಿಡಿಯುವುದು ಹೇಗಪ್ಪಾ ಎಂದು ಸೆರಗು ಬಿಗಿದರು. ಮೆಣಸಿ ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ತಾನಾಗಿಯೇ ಬಂದು ಬುಟ್ಟಿಯೊಳಗೆ ಕೂತು, ಬಾಲವನ್ನು ಒಳಗೆಳೆದುಕೊಂಡಳು. ಪುಟ್ಟನಂಜಮ್ಮನಿಗೆ ಕಣ್ಣು ಒದ್ದೆಯಾಯಿತು. ಮನಸ್ಸಿನಲ್ಲಿದ್ದ ಅಳುಕೂ ಹೋಯಿತು.

ವಾಪಸು ಬಂದಾಗ ಮೆಣಸಿಯ ಹೊಟ್ಟೆಯ ಕೂದಲು ಬೋಳಿಸಿದ್ದರು, ಪುಟ್ಟ ಹೊಲಿಗೆ ಹಾಕಿದ್ದರು. ಕೆಲವು ದಿನ ಮೆಲ್ಲಗೆ ನಡೆದಳು, ಇಲಿಗಳಿಗೂ ರಜೆ ಸಿಕ್ಕಿತು. ರಜೆ ಮುಗಿದ ಮೇಲೆ ಇಲಿಗಳ ಕಷ್ಟ ಹೇಳತೀರದು, ಈಗ ಗಿರಣಿಯಲ್ಲಿ ನಿಜವಾಗಿಯೂ ಎರಡು ಬೆಕ್ಕುಗಳಿದ್ದವು! ಜೀರಿಗೆ ರಾತ್ರಿಯೆಲ್ಲ ಮೆಣಸಿಯ ಮೈಗೆ ಒತ್ತಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಅವಳ ಬಾಲ ಕಚ್ಚಿ ಎಬ್ಬಿಸುತ್ತಿದ್ದಳು. ದೊಡ್ಡವಳಾದ ಮೇಲೆ ಅವಳಿಗೂ ಅದೇ ಬುಟ್ಟಿ, ಅದೇ ಡಾಕ್ಟರು.

ಜೀರಿಗೆ ಇನ್ನೂ ಚಿಕ್ಕವಳಿದ್ದಾಗಲೇ ಒಂದು ಸಂಜೆ ಇಬ್ಬರೂ ಹಿತ್ತಿಲಲ್ಲಿ ಆಡುತ್ತಿದ್ದರು, ಆಗ ಅಕ್ಕಪಕ್ಕದವರು ಸುತ್ತ ಸೇರಿದರು. ಹಂಡಕ್ಕ ನಿಟ್ಟುಸಿರು ಬಿಟ್ಟಳು. "ಏನೇ ಆದ್ರೂ ನೀನು ಒಂದ್ಸಲ ಮರಿ ಹಾಕಬೇಕಿತ್ತು ಮೆಣಸಿ. ನಾವೆಲ್ಲ ಒಂದೊಂದು ತಗೋತಿದ್ವಿ."

"ಹೌದು ಹೌದು," ಅಂದರು ಉಳಿದವರು.

ಮೆಣಸಿ ಜಗಳಕ್ಕೆ ಹೋಗಲಿಲ್ಲ. ಜೀರಿಗೆಯ ಕತ್ತು ಕಚ್ಚಿ ಎತ್ತಿಕೊಂಡು ಹಂಡಕ್ಕನ ಕಡೆಗೆ ಒಂದು ಹೆಜ್ಜೆ ಇಟ್ಟಳು, ಅಷ್ಟೆ.

ಹಂಡಕ್ಕನಿಗೆ ತಟ್ಟನೆ ಹುಲ್ಲಿನ ನೆನಪಾಯಿತು. ಕೆಂಚಕ್ಕನಿಗೆ ಕತ್ತಲಾಗುವ ಮೊದಲು ಗೂಡು ಸೇರಬೇಕಿತ್ತು. ದೊಡ್ಡಣ್ಣನನ್ನು ಯಾರೋ ಕರೆದ ಹಾಗಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಿತ್ತಿಲು ಖಾಲಿ.

"ನನ್ನನ್ನ ಮತ್ತೆ ಕೊಟ್ಟುಬಿಡ್ತೀಯಾ?" ಎಂದು ಜೀರಿಗೆ ಹೆದರಿ ಕೇಳಿದಳು.

ಮೆಣಸಿ ಅವಳನ್ನು ಇಳಿಸಿ, ಕಿವಿಗೆ ಅಂಟಿದ್ದ ಹಿಟ್ಟನ್ನು ನೆಕ್ಕಿದಳು. "ಇಲ್ಲ ಮಗಳೇ. ಯಾರೂ ತಗೊಳ್ಳಲ್ಲ ಅಂತ ಗೊತ್ತಿದ್ದೇ ಎತ್ತಿದ್ದು."

ನೀತಿ: ಹುಟ್ಟದ ಮರಿಗೆ ಮನೆ ಕೊಡುವವರು ಊರೆಲ್ಲ ಇರುತ್ತಾರೆ, ಅವರ ಬಾಯಿಮಾತು ನಂಬಿ ಮರಿ ಹಾಕಿಸಬೇಡಿ, ಹುಟ್ಟಿ ಬೀದಿಯಲ್ಲಿರುವ ಮರಿಗೆ ಒಂದು ಮೂಲೆ ಕೊಡಿ.