ಎದುರಂಗಡಿಯ ಮುಖ

“ದೇವರನ್ನು ದ್ವೇಷಿಸಿದವನೂ ಕೊನೆಗೆ ದೇವರನ್ನೇ ಸೇರಿದನೆಂದು ಪುರಾಣ ಹೇಳುತ್ತದೆ. ದ್ವೇಷವನ್ನೇ ಹಿಡಿದು ನಡೆದವನು ಅಲ್ಲಿಗೆ ಹೋಗಿ ಸೇರುವುದು ಹೇಗೆ, ಅಮ್ಮಾ?”

ಕೇಳಿದವಳು ಮಂದಾಕಿನಿ. ಕೇಳುವ ಮೊದಲು ಅವಳು ಕಣ್ಣು ಮುಚ್ಚಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬಾಯಿ ತೆರೆದಿದ್ದಳು.

ಹಿಂದಿನ ಸಂಜೆ ಆಶ್ರಮದಲ್ಲಿ ಓದಿದ್ದು ಆ ಪ್ರಸಂಗವನ್ನೇ. ಓದಿದವಳು ಕಾತ್ಯಾಯಿನಿ. ಅವಳು ಆಶ್ರಮಕ್ಕೆ ತಡವಾಗಿ ಬಂದವಳು. ಅವಳಿಗಿಂತ ಮೊದಲು ಪುರಾಣದ ಪೀಠದಲ್ಲಿ ಕುಳಿತು ಓದುತ್ತಿದ್ದವಳು ಮಂದಾಕಿನಿ. ಒಮ್ಮೆ ಮಂದಾಕಿನಿಯ ಗಂಟಲು ಕಟ್ಟಿತು. ಗಂಟಲು ಸರಿಹೋಗುವ ತನಕ ಕಾತ್ಯಾಯಿನಿ ಓದಲಿ ಎಂದು ಗುರುಗಳಾದ ಅಮ್ಮನವರು ಹೇಳಿದರು. ಗಂಟಲು ಸರಿಹೋಯಿತು. ಪೀಠ ಮಾತ್ರ ಮರಳಿ ಬರಲಿಲ್ಲ.

ಅದರ ಬದಲು ಅಮ್ಮನವರು ಆಶ್ರಮದ ಫೋನನ್ನು ಮಂದಾಕಿನಿಯ ಕೈಗೆ ಕೊಟ್ಟಿದ್ದರು. ಸಂಜೆಯ ಓದನ್ನು ಚಿತ್ರೀಕರಿಸಿ ದೂರದ ಭಕ್ತರಿಗೆ ಕಳುಹಿಸುವುದು ಅವಳ ಕೆಲಸ. ಅವಳು ಅದನ್ನು ಲೋಪವಿಲ್ಲದೆ ಮಾಡುತ್ತಿದ್ದಳು. ಪ್ರತಿಯೊಂದು ಓದನ್ನೂ ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡುತ್ತಿದ್ದಳು, ಕೆಮ್ಮು ಬಂದ ಕಡೆ ಕತ್ತರಿಸುತ್ತಿದ್ದಳು, ಇನ್ನೊಮ್ಮೆ ನೋಡುತ್ತಿದ್ದಳು. ನೋಡುವಾಗ ಕಂಡ ದೋಷಗಳನ್ನು ವಿನಯದಿಂದಲೇ ಅಮ್ಮನವರಿಗೆ ತಿಳಿಸುತ್ತಿದ್ದಳು. ಕಾತ್ಯಾಯಿನಿಯ ಮಹಾಪ್ರಾಣಗಳು ಸಪ್ಪೆ. ಪಾದದ ಕೊನೆಯನ್ನು ಎಳೆಯುತ್ತಾಳೆ. ಪ್ರತಿ ಪದ್ಯಕ್ಕೂ ಮುನ್ನ ಕಣ್ಣು ಮುಚ್ಚುವುದು ಭಕ್ತಿಯಿಂದಲ್ಲ, ಕೇಳುವವರನ್ನು ಸೆಳೆಯುವುದಕ್ಕೆ. ಅಮ್ಮನವರು ಪ್ರತಿ ಸಲವೂ ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಿದ್ದರು.

ಶ್ರಾವಣದ ಓದಿಗೆ ಪೀಠದಲ್ಲಿ ಯಾರು ಕೂರಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮಂದಾಕಿನಿ ಕೇಳಬೇಕೆಂದು ಬಂದದ್ದು ಅದನ್ನು. ಬಾಯಿಗೆ ಬಂದದ್ದು ಪುರಾಣದ ಪ್ರಶ್ನೆ.

ಅಮ್ಮನವರು, “ಆ ದ್ವೇಷಿ ಹೋಗಿ ಎಲ್ಲಿ ಸೇರಿದನೋ ನಾನು ಕಂಡವಳಲ್ಲ. ಬರೆದವರಾದರೂ ಕಂಡಿದ್ದರೋ ಇಲ್ಲವೋ, ಹೇಳಲಾರೆ. ಈ ಕಾಲದ ಒಬ್ಬ ವ್ಯಾಪಾರಿಯ ವಿಷಯವಾದರೆ ಹೇಳಬಲ್ಲೆ,” ಎಂದು ಹೇಳತೊಡಗಿದರು.

ಒಂದು ಊರಿನ ಬಸ್ ನಿಲ್ದಾಣದ ಬಳಿ ಒಬ್ಬ ವ್ಯಾಪಾರಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದನು. ಜನ ಅವನ ಬಳಿಗೆ ಸರಕಿಗಿಂತ ಹೆಚ್ಚಾಗಿ ಸಲಹೆಗೆ ಬರುತ್ತಿದ್ದರು. ಫೋನು ನಿಧಾನವಾಯಿತೆಂದು ಹೊಸದನ್ನು ಕೊಳ್ಳಲು ಬಂದವನಿಗೆ, ಹೊಸದು ಬೇಡ, ಗುಂಪುಗಳಿಂದ ಬಂದು ತುಂಬಿರುವ ಶುಭೋದಯದ ಚಿತ್ರಗಳನ್ನು ಮೊದಲು ಅಳಿಸಿ ನೋಡು ಎನ್ನುತ್ತಿದ್ದನು. ಫೋನು ಬಿಸಿಯಾಗುತ್ತದೆ ಎಂದವಳಿಗೆ, ಚಾರ್ಜಿಗೆ ಹಾಕುವಾಗ ಹಿಂದಿನ ಕವರನ್ನು ತೆಗೆ, ದಿಂಬಿನ ಕೆಳಗೆ ಇಡಬೇಡ ಎನ್ನುತ್ತಿದ್ದನು. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದೆಂದರೆ ಮನೆಗೂ ಅಂಗಡಿಗೂ ಬೀರುವಿಗೂ ಒಂದೇ ಬೀಗದಕೈ ಮಾಡಿಸಿದಂತೆ ಎಂದು ಎಚ್ಚರಿಸುತ್ತಿದ್ದನು. ಹಳೆಯ ಫೋನನ್ನು ಮಾರಲು ಬಂದವರಿಗೆ ಅವನು ತಪ್ಪದೆ ಹೇಳುವ ಮಾತೊಂದಿತ್ತು. ಇನ್ನೊಬ್ಬರ ಕೈಗೆ ಹೋಗುವ ಫೋನಿನಲ್ಲಿ ನಿಮ್ಮ ಖಾತೆಯನ್ನು ಬಿಡಬೇಡಿ, ನಿಮ್ಮ ಒಳಗಿನದನ್ನೆಲ್ಲ ಅದು ಕಂಡವರಿಗೆ ತೋರಿಸುತ್ತದೆ.

ಈ ಮಾತುಗಳನ್ನೇ ಅವನು ಚಿಕ್ಕ ವಿಡಿಯೋಗಳನ್ನಾಗಿ ಮಾಡಿ ಹಾಕತೊಡಗಿದನು. ಊರಿನವರು ನೋಡಿದರು. ಸಂತೆಯಲ್ಲಿ ಗುರುತು ಹಿಡಿದು ಮಾತನಾಡಿಸಿದರು. ಅವನಿಗೆ ಅಷ್ಟು ಸಾಕಾಗಿತ್ತು. ಸಾಕಾಗಿದೆ ಎಂದು ಅವನು ತಿಳಿದುಕೊಂಡಿದ್ದನು.

ಆಗ ಎದುರು ಸಾಲಿನಲ್ಲಿ ಖಾಲಿ ಬಿದ್ದಿದ್ದ ಮಳಿಗೆಯನ್ನು ಒಬ್ಬ ಶಿಕ್ಷಕಿ ಬಾಡಿಗೆಗೆ ಹಿಡಿದಳು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ, ಕೆಲಸ ಬಿಟ್ಟು ಬಂದವಳು. ವಯಸ್ಸಾದವರಿಗೆ ಫೋನು ಬಳಸುವುದನ್ನು ಕಲಿಸುತ್ತೇನೆಂದು ಬೋರ್ಡು ಹಾಕಿದಳು. ಜೊತೆಗೆ ಫೋನುಗಳನ್ನೂ ಮಾರಿದಳು. ಅವಳೂ ವಿಡಿಯೋ ಮಾಡಿದಳು. ಹೇಳಿದ್ದು ಹೊಸದೇನಲ್ಲ. ಅದೇ ಚಾರ್ಜರು, ಅದೇ ಪಾಸ್‌ವರ್ಡು. ಆದರೆ ಆರಂಭದಲ್ಲಿ ಅವಳು ಪ್ರತಿ ಸಲವೂ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ‘ಗಾಬರಿ ಬೇಡ. ಅದೇನೂ ಕೆಟ್ಟಿಲ್ಲ. ನಾವಿಬ್ಬರೂ ಕೂತು ನೋಡೋಣ’ ಎನ್ನುತ್ತಿದ್ದಳು. ಜನರಿಗೆ ಅದು ಹಿಡಿಸಿತು. ಪಕ್ಕದ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬಂದು ಇಳಿದವರು ಅವಳ ಅಂಗಡಿ ಯಾವುದೆಂದು ವ್ಯಾಪಾರಿಯನ್ನೇ ವಿಚಾರಿಸತೊಡಗಿದರು.

ವ್ಯಾಪಾರಿ ಕೈ ತೋರಿಸಿ ಕಳುಹಿಸುತ್ತಿದ್ದನು. ಕಳುಹಿಸಿದ ಮೇಲೆ ಗಲ್ಲಾದ ಹಿಂದೆ ಕುಳಿತು ಅವಳ ವಿಡಿಯೋಗಳನ್ನು ನೋಡುತ್ತಿದ್ದನು. ತಪ್ಪು ಹುಡುಕುವುದಕ್ಕಾಗಿ ನೋಡುತ್ತೇನೆಂದು ತನಗೆ ತಾನೇ ಹೇಳಿಕೊಂಡನು. ತಪ್ಪು ಸುಲಭವಾಗಿ ಸಿಗದ ಕಾರಣ ಒಂದನ್ನೇ ಹಲವು ಸಲ ನೋಡಬೇಕಾಯಿತು. ಬೆಳಿಗ್ಗೆ ಅಂಗಡಿ ತೆರೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಮೊದಲೇ ಅವಳು ಹೊಸದೇನು ಹಾಕಿದ್ದಾಳೆಂದು ನೋಡುವುದು ರೂಢಿಯಾಯಿತು. ಅವಳು ಹಾಕದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಕಿದ ದಿನವೂ ಸೇರುತ್ತಿರಲಿಲ್ಲ.

ಕೊನೆಗೆ ಒಂದು ತಪ್ಪು ಸಿಕ್ಕಿತು. ಫೋನನ್ನು ಮಾರುವ ಮುನ್ನ ಮಾಡಬೇಕಾದ ಕೆಲಸಗಳನ್ನು ಹೇಳುವಾಗ ಅವಳು ಕ್ರಮವನ್ನು ಹಿಂದುಮುಂದು ಮಾಡಿಬಿಟ್ಟಿದ್ದಳು. ವ್ಯಾಪಾರಿ ಬೇರೊಂದು ಹೆಸರಿನಲ್ಲಿ ಆ ವಿಡಿಯೋದ ಕೆಳಗೆ ಅದನ್ನು ಬರೆದನು. ಆ ದಿನವೆಲ್ಲ ಅವನ ಮುಖ ಅರಳಿತ್ತು. ಮರುದಿನ ಶಿಕ್ಷಕಿ ಹೊಸ ವಿಡಿಯೋ ಹಾಕಿದಳು. ತನ್ನ ತಪ್ಪನ್ನು ಒಪ್ಪಿಕೊಂಡು, ತಿದ್ದಿ, ತಿಳಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ನನ್ನ ನಮಸ್ಕಾರ ಎಂದು ಕೈ ಮುಗಿದಳು. ಅವಳ ವಿಡಿಯೋಗಳಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ಅದನ್ನು.

ಇತ್ತ ಅಂಗಡಿಯಲ್ಲಿ ಒಂದು ವಿಚಿತ್ರ ಆರಂಭವಾಯಿತು. ಗಿರಾಕಿಗಳು ಕೈಗೆ ತೆಗೆದುಕೊಂಡು ನೋಡಲೆಂದು ಅವನು ಗಾಜಿನ ಮೇಜಿನ ಮೇಲೆ ಒಂದಷ್ಟು ಹೊಸ ಫೋನುಗಳನ್ನು ಇಟ್ಟಿರುತ್ತಿದ್ದನು. ಪರದೆ ಹೇಗಿದೆ, ಧ್ವನಿ ಹೇಗಿದೆ ಎಂದು ತೋರಿಸಲು ಅವುಗಳಲ್ಲೆಲ್ಲ ತನ್ನದೇ ಖಾತೆಯನ್ನು ತೆರೆದಿಟ್ಟಿದ್ದನು. ಈಗ ಗಿರಾಕಿ ಯಾವ ಫೋನನ್ನು ಎತ್ತಿಕೊಂಡು ವಿಡಿಯೋ ತೆರೆದರೂ ಮೊದಲು ಬರುವುದು ಶಿಕ್ಷಕಿಯ ಮುಖ. ಗಿರಾಕಿ ಸ್ವಲ್ಪ ಹೊತ್ತು ನಿಂತು ಕೇಳುತ್ತಿದ್ದನು. ಚೆನ್ನಾಗಿ ಹೇಳುತ್ತಾರಲ್ಲ ಎನ್ನುತ್ತಿದ್ದನು. ಫೋನನ್ನು ಕೆಳಗಿಟ್ಟು, ಹೊರಗೆ ಬಂದು, ರಸ್ತೆ ದಾಟುತ್ತಿದ್ದನು.

ವ್ಯಾಪಾರಿಗೆ ಸಂಶಯ ಉಳಿಯಲಿಲ್ಲ. ಅವಳು ಆ ವಿಡಿಯೋ ಕಂಪನಿಗೆ ದುಡ್ಡು ಕಟ್ಟಿ ತನ್ನ ಅಂಗಡಿಯೊಳಕ್ಕೇ ನುಗ್ಗಿದ್ದಾಳೆ ಎಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದನು. ಅವರು ಹೌದೆಂದು ತಲೆಯಾಡಿಸಿದರು. ಅವರಲ್ಲಿ ಹಲವರು ಅವಳಿಂದಲೇ ಫೋನು ಕೊಂಡಿದ್ದರು.

ಹೀಗಿರುವಾಗ ಒಬ್ಬ ಮುದುಕಿ ಅವನ ಅಂಗಡಿಗೆ ಬಂದಳು. ಅವಳ ಫೋನಿನಲ್ಲಿ ಯಾವಾಗ ನೋಡಿದರೂ ಅವಳ ವಾರಗಿತ್ತಿಯ ಮೊಮ್ಮಗಳು ಕುಣಿಯುತ್ತಿದ್ದಳಂತೆ. ಬೇಡವೆಂದರೂ ಅದೇ ಬರುತ್ತದೆ, ಬೇಕೆಂದೇ ವಾರಗಿತ್ತಿ ಏನೋ ಮಾಡಿಸಿದ್ದಾಳೆ, ಬಿಡಿಸಿಕೊಡು ಎಂದಳು.

ಬಹಳ ದಿನಗಳ ಮೇಲೆ ತನ್ನನ್ನು ಕೇಳಿಕೊಂಡು ಬಂದವಳೊಬ್ಬಳು ಸಿಕ್ಕಿದ್ದಳು. ವ್ಯಾಪಾರಿ ಸಮಾಧಾನದಿಂದ ತಿಳಿಸಿ ಹೇಳಿದನು. “ಯಾರೂ ಏನೂ ಮಾಡಿಸಿಲ್ಲ, ಅಜ್ಜಿ. ನೀವು ನೋಡ್ತೀರಿ, ಅದು ತೋರಿಸುತ್ತೆ. ಇಷ್ಟಪಟ್ಟು ನೋಡ್ತೀರೋ ಹೊಟ್ಟೆ ಉರ್ಕೊಂಡು ನೋಡ್ತೀರೋ ಅದಕ್ಕೆ ಗೊತ್ತಾಗಲ್ಲ. ಬಿಡದೆ ನೋಡ್ತಾರೆ, ಇವರಿಗೆ ಇದೇ ಬೇಕು ಅಂದ್ಕೊಳ್ಳುತ್ತೆ.” ವಿಡಿಯೋದ ಪಕ್ಕದ ಚುಕ್ಕಿಗಳನ್ನು ಒತ್ತಿದರೆ ‘ಆಸಕ್ತಿಯಿಲ್ಲ’ ಎಂದು ಬರುತ್ತದೆ, ಅದನ್ನು ಒತ್ತಿಬಿಟ್ಟರೆ ಕ್ರಮೇಣ ಬರುವುದು ನಿಲ್ಲುತ್ತದೆ ಎಂದು ತೋರಿಸಿದನು.

ಮುದುಕಿ ಒತ್ತಿದಳು. ಕುಣಿಯುತ್ತಿದ್ದ ಹುಡುಗಿ ಮಾಯವಾದಳು. ಮುದುಕಿ ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಡುವವಳು, ಗಾಜಿನ ಮೇಜಿನ ಬಳಿ ನಿಂತಳು. ಅಲ್ಲಿದ್ದ ಫೋನುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲದರಲ್ಲಿಯೂ ಒಂದೇ ಮುಖವಿತ್ತು.

“ಅಲ್ಲ ಕಣಪ್ಪಾ, ಈಯಮ್ಮ ನಿನಗೇನಾಗಬೇಕು?”

“ಯಾರೂ ಅಲ್ಲ.”

“ಯಾರೂ ಅಲ್ದೋರನ್ನ ಇಷ್ಟು ಕಡೆ ಇಟ್ಕೊಂಡಿದೀಯಾ? ನಮ್ಮ ಯಜಮಾನ್ರದ್ದೇ ಮನೇಲಿರೋದು ಒಂದು ಪಟ.”

ಅವಳು ಹೋದ ಮೇಲೆ ವ್ಯಾಪಾರಿ ಗಾಜಿನ ಮೇಜಿನ ಬಳಿಗೆ ಬಂದನು. ಅದರ ಮೇಲಿನ ಫೋನುಗಳಿಂದ ತನ್ನ ಖಾತೆಯನ್ನು ಒಂದೊಂದಾಗಿ ತೆಗೆದುಹಾಕಿದನು. ಉಳಿದದ್ದು ಅವನ ಜೇಬಿನಲ್ಲಿದ್ದ ಫೋನು. ಅದನ್ನು ಹೊರತೆಗೆದನು. ಶಿಕ್ಷಕಿಯ ಮುಖ ಬಂದಿತು. ಪಕ್ಕದ ಚುಕ್ಕಿಗಳನ್ನು ಒತ್ತಿದನು. ‘ಆಸಕ್ತಿಯಿಲ್ಲ’ ಎಂಬ ಮಾತು ಕಾಣಿಸಿತು. ಅದರ ಮೇಲೆ ಬೆರಳು ಇಡುವುದಷ್ಟೇ ಬಾಕಿ. ಇಟ್ಟರೆ ಅವಳು ಹೋಗುತ್ತಾಳೆ. ಹೋದರೆ ನಾಳೆ ಅವಳು ಏನು ಹೇಳಿದಳು, ಎಷ್ಟು ಜನ ನೋಡಿದರು, ಎಲ್ಲಿ ತಪ್ಪಿದಳು ಎಂಬುದು ತಿಳಿಯುವುದು ಹೇಗೆ? ತನಗೆ ತಿಳಿಯದಂತೆ ಅವಳು ಇನ್ನೂ ಬೆಳೆದುಬಿಟ್ಟರೆ?

ಅವನು ಫೋನನ್ನು ಜೇಬಿಗೆ ಹಾಕಿಕೊಂಡನು. ಒತ್ತಲಿಲ್ಲ.

ಆದರೆ ಮುದುಕಿಗೆ ಹೇಳಿದ ಮಾತು ಅವನಿಗೇ ಹಿಡಿಸಿತ್ತು. ಶಿಕ್ಷಕಿ ಆ ವಿಷಯವನ್ನು ಎಂದೂ ಹೇಳಿರಲಿಲ್ಲ. ಅದು ಅವನಿಗೆ ಖಚಿತವಾಗಿ ಗೊತ್ತಿತ್ತು. ತಾನು ಮೊದಲು ಹೇಳಿಬಿಡಬೇಕೆಂದು ಆ ಮಧ್ಯಾಹ್ನವೇ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಫೋನನ್ನು ಎದುರಿಗೆ ನಿಲ್ಲಿಸಿಕೊಂಡು ವಿಡಿಯೋ ಮಾಡಿದನು. ಮಾತು ಸರಾಗವಾಗಿ ಬಂದಿತು. ಎಲ್ಲಿಯೂ ತಡವರಿಸಲಿಲ್ಲ. ಇಷ್ಟು ಚೆನ್ನಾಗಿ ತಾನು ಯಾವತ್ತೂ ಮಾತನಾಡಿರಲಿಲ್ಲ ಎನಿಸಿತು. ತಿರುಗಿ ನೋಡುವ ತಾಳ್ಮೆಯಿಲ್ಲದೆ ಹಾಕಿಯೇ ಬಿಟ್ಟನು.

ಸ್ವಲ್ಪ ಹೊತ್ತಿಗೆ ಯಾರೋ ಅಪರಿಚಿತರು ಕೆಳಗೆ ಬರೆದರು. ‘ತುಂಬಾ ಚೆನ್ನಾಗಿ ಹೇಳಿದಿರಿ. ಟೀಚರಮ್ಮನ ಹತ್ತಿರ ಕಲಿತವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.’

ವ್ಯಾಪಾರಿಗೆ ಅರ್ಥವಾಗಲಿಲ್ಲ. ತನ್ನ ವಿಡಿಯೋವನ್ನು ತಾನೇ ತೆರೆದು ನೋಡಿದನು. ಪರದೆಯ ಮೇಲಿದ್ದವನು ಕೈಯನ್ನು ಹಣೆಯವರೆಗೆ ಎತ್ತಿ, ಏನನ್ನೋ ಮೇಲಕ್ಕೆ ಏರಿಸಿಕೊಂಡನು. ಗಾಬರಿ ಬೇಡ, ಅದೇನೂ ಕೆಟ್ಟಿಲ್ಲ, ನಾವಿಬ್ಬರೂ ಕೂತು ನೋಡೋಣ ಎಂದನು.

ವ್ಯಾಪಾರಿಗೆ ಕನ್ನಡಕವೇ ಇರಲಿಲ್ಲ.

ಇಷ್ಟು ಹೇಳಿ ಅಮ್ಮನವರು ನಿಲ್ಲಿಸಿದರು. ಪುರಾಣದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮಂದಾಕಿನಿಗೆ ಆ ವ್ಯಾಪಾರಿಯ ಮೇಲೆ ಕನಿಕರವೂ ತಾತ್ಸಾರವೂ ಒಟ್ಟಿಗೆ ಹುಟ್ಟಿದವು. ಇಷ್ಟು ತಿಳಿದವನಿಗೆ ಒಂದು ಬೆರಳನ್ನು ಆಡಿಸಲು ಆಗಲಿಲ್ಲವಲ್ಲ ಎಂದುಕೊಂಡಳು. ಅದನ್ನು ಹೇಳಬೇಕೆನಿಸಿತು. ಕಣ್ಣು ಮುಚ್ಚಿದಳು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, “ಅವನು ಅದನ್ನು ಒತ್ತಿಬಿಡಬಹುದಿತ್ತು, ಅಮ್ಮಾ,” ಎಂದಳು, ಕೊನೆಯನ್ನು ತುಸು ಎಳೆದು.

ಅಮ್ಮನವರು ಅವಳ ಮಡಿಲಿನಲ್ಲಿದ್ದ ಫೋನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

“ಮಾತಿಗೆ ಮುನ್ನ ಕಣ್ಣು ಮುಚ್ಚುವುದನ್ನು ನೀನು ಯಾವಾಗ ಕಲಿತೆ, ಮಂದಾಕಿನಿ?”

ಮಂದಾಕಿನಿ ಕಣ್ಣು ಮುಚ್ಚಲಿಲ್ಲ.