ಎಣ್ಣೆಯ ಪೊರೆ

ಭಾಗೀರಥಿ ಗುರುಗಳನ್ನು ಕೇಳಿದಳು: "ಮಗಳು ಕಾಯಿಲೆಯಿಂದ ಎದ್ದು ಎರಡು ತಿಂಗಳಾಯಿತು. ಆದರೂ ಗಳಿಗೆಗೊಮ್ಮೆ ಅವಳ ಹಣೆ ಮುಟ್ಟಿ ನೋಡದೆ ಇರಲಾರೆ. ಈಗೀಗ ನನ್ನ ಕೈ ಕಂಡರೆ ಮುಖ ತಿರುಗಿಸುತ್ತಾಳೆ. ಕಾಯುವುದೂ ತಪ್ಪೇ, ಗುರುಗಳೇ?"

ಗುರುಗಳು ಹೇಳಿದರು:

ಒಬ್ಬ ಸಂಗ್ರಾಹಕಿ ಇದ್ದಳು. ಊರೂರು ತಿರುಗಿ ಮುದುಕಿಯರ ಹಾಡುಗಳನ್ನು ಹಿಡಿದಿಡುವುದು ಅವಳ ಕೆಲಸ. ಹನ್ನೊಂದು ವರ್ಷದ ಹಾಡೆಲ್ಲ ಒಂದು ಹಳೆಯ ರೆಕಾರ್ಡಿಂಗ್ ಯಂತ್ರದ ಹಾರ್ಡ್ ಡಿಸ್ಕಿನಲ್ಲಿತ್ತು. ಅವುಗಳ ನಡುವೆ ತೀರಿಹೋದ ತನ್ನ ತಾಯಿಯ ದನಿಯೂ ಇತ್ತು.

ಒಂದು ದಿನ ಯಂತ್ರದಿಂದ ದನಿ ಬರುವುದು ನಿಂತಿತು. ಡಿಸ್ಕನ್ನು ಓದುವಾಗ ಒಂದು ಹಸಿರು ದೀಪ ಮಾತ್ರ ಹೊತ್ತಿಕೊಳ್ಳುತ್ತಿತ್ತು. ಅವಳು ಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದಳು. ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿಕೊಡುತ್ತೇನೆ, ಆದರೆ ಬರಲು ಹತ್ತು ದಿನ ಬೇಕು, ಅಲ್ಲಿಯವರೆಗೆ ಮುಟ್ಟಬೇಡಿ ಎಂದ ಅವನು.

ಅವಳಿಗೆ ತಡೆಯಲಾಗಲಿಲ್ಲ. ತಾಯಿಯ ದನಿ ಇದ್ದ ಜಾಗವನ್ನು ಓದಿಸಿದಳು. ದೀಪ ಹೊತ್ತಿತು. ದನಿ ಇನ್ನೂ ಅಲ್ಲೇ ಇದೆ ಎಂದು ಜೀವ ಬಂದಂತಾಯಿತು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಅಳುಕು. ಮೂರನೆಯ ದಿನ, ಅದೊಂದೇ ಜಾಗವನ್ನು ಬಿಡದೆ ಓದುತ್ತಿರುವಂತೆ ಯಂತ್ರವನ್ನು ಹೊಂದಿಸಿ, ಎದುರಿಗೇ ಕುಳಿತು ಊಟ ಮಾಡಿದಳು.

ಐದನೆಯ ದಿನ ದೀಪ ಒಮ್ಮೆ ತಡವರಿಸಿತು. ಗಾಬರಿಯಿಂದ ರಿಪೇರಿಯವನಿಗೆ ಫೋನ್ ಮಾಡಿ, ಬಿಡದೆ ಓದಿಸುತ್ತಿದ್ದುದನ್ನು ಹೇಳಿದಳು.

"ಅಕ್ಕಾ, ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ ಇರುತ್ತೆ," ಎಂದ ಅವನು. "ಓದುವ ಹೆಡ್ಡು ಅದರ ಮೇಲೆ ತಾಗಿಯೂ ತಾಗದ ಹಾಗೆ ತೇಲುತ್ತೆ. ಒಂದೇ ಕಡೆ ನಿಂತುಬಿಟ್ಟರೆ ಕೆಳಗಿನ ಎಣ್ಣೆ ಬದಿಗೆ ಸರಿದು ಪೊರೆ ತೆಳುವಾಗುತ್ತೆ. ಹೆಡ್ಡನ್ನು ಬೇರೆ ಕಡೆ ಹೋಗಲು ಬಿಡಿ, ಎಣ್ಣೆ ತಾನಾಗಿ ಹರಿದು ಬಂದು ಕೂಡಿಕೊಳ್ಳುತ್ತೆ."

"ನಾನು ನೋಡದೆ ಇದ್ದಾಗಲೇ ಹೋಗಿಬಿಟ್ಟರೆ?"

"ನೋಡ್ತಾ ಇದ್ದರೇ ಹೋಗೋದು, ಅಕ್ಕಾ."

ಅವಳು ಯಂತ್ರ ಆರಿಸಿದಳು. ಹಿತ್ತಿಲಿಗೆ ಹೋಗಿ ಬಟ್ಟೆ ಹರವತೊಡಗಿದಳು. ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಒಂದೇ ಒಂದು ಸಲ ಎಂದುಕೊಂಡು ಒಳಗೆ ಬಂದಳು. ಆ ಒಂದು ಸಲ ಸಂಜೆಯವರೆಗೂ ಮುಗಿಯಲಿಲ್ಲ. ಮರುದಿನವೂ ಹಾಗೆಯೇ.

ಎಂಟನೆಯ ದಿನ ಯಂತ್ರದೊಳಗಿಂದ ಸ್ಲೇಟಿನ ಮೇಲೆ ಉಗುರೆಳೆದಂಥ ಸದ್ದು ಬಂತು. ಅವಳು ಓಡಿಹೋಗಿ ವೈರು ಕಿತ್ತಳು.

ರಿಪೇರಿಯವನು ಹೇಳಿದ ದಿನಕ್ಕೆ ಬಂದ. ಡಿಸ್ಕನ್ನು ಒಯ್ದು, ಹೆಡ್ಡು ಬದಲಿಸಿ, ಸಿಕ್ಕಿದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿ ತಂದ. ಹಾಡುಗಳು ಒಂದೊಂದಾಗಿ ಕೇಳಿಬಂದವು. ತಾಯಿಯ ಸರದಿ ಬಂದಾಗ ಬರಿಯ ಗೊರಗೊರ ಸದ್ದು. ಅವಳು ಕೊನೆಯವರೆಗೂ ಅದನ್ನೇ ಕೇಳಿಸಿಕೊಂಡಳು.

ಭಾಗೀರಥಿ ಮೆಲ್ಲಗೆ ಕೇಳಿದಳು: "ಮಿಕ್ಕದ್ದೆಲ್ಲ ಉಳಿಯಿತೇ?"

"ಉಳಿಯಿತು," ಎಂದರು ಗುರುಗಳು. "ಅದು ಇದೆಯೋ ಇಲ್ಲವೋ ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ."